ನೀಲಪ್ಪನ ಟೆಂಪೋದ ಹಿಂದಿನ ದೀಪ

ಸವಣೂರು
೧೪ ಆಗಸ್ಟ್ ೨೦೨೪

ಪ್ರೀತಿಯ ಅಬ್ಬಾ,

ನಿಮ್ಮ ಮುಬಶೀರನ ಸಲಾಂ. ಹಿರೇಕೆರೂರಿನ ಹವೆ ನಿಮಗೆ ಒಗ್ಗಿದೆಯೇ? ಮೊಣಕಾಲು ನೋವು ಹೇಗಿದೆ? ಇರಮ ಅಕ್ಕ ನಿಮ್ಮ ಕಣ್ಣಿಗೆ ಹನಿ ತಪ್ಪದೆ ಹಾಕುತ್ತಿದ್ದಾಳೆಂದು ನಂಬಿದ್ದೇನೆ. ಈ ಪತ್ರವನ್ನೂ ಅವಳೇ ಓದಿ ಹೇಳಬೇಕು. ಓದಲಿ, ಅವಳಿಗೂ ಗೊತ್ತಾಗಲಿ. ಫೋನಿನಲ್ಲಿ ಇದನ್ನೆಲ್ಲ ಹೇಳಲಾಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆ ದಿನದ್ದು ನಿಮಗೆ ಗೊತ್ತಿರುವುದೇ. ಆದರೂ ನನ್ನ ಕೈಯಿಂದ ಒಮ್ಮೆ ಬರೆಯದೆ ಸಮಾಧಾನವಿಲ್ಲ. ವೀಳ್ಯದೆಲೆ ಸಾಗಿಸುವ ನೀಲಪ್ಪನ ಟೆಂಪೋದ ಹಿಂದಿನ ದೀಪ ಶಿಗ್ಗಾಂವ ದಾಟಿದ ಮೇಲೆ ಜೋರು ಮಳೆಯಲ್ಲಿ ಆರಿಹೋಯಿತು. ಹಿಂದಿನಿಂದ ಬೈಕಿನಲ್ಲಿ ಬಂದ ಮೆಹಬೂಬ ಡಿಕ್ಕಿ ಹೊಡೆದು ಕಾಲು ಮುರಿದುಕೊಂಡ. ಮರುದಿನ ಅವನ ಅಣ್ಣತಮ್ಮಂದಿರು ನೀಲಪ್ಪನನ್ನು ಟೆಂಪೋ ಸಮೇತ ನಮ್ಮ ವೈರಿಂಗ್ ಅಂಗಡಿಗೆ ಕರೆತಂದರು. ಎಲ್ಲರ ಮುಂದೆ ನಾನು ವೈರಿನ ಜೋಡಣೆ ಬಿಚ್ಚಿದೆ. ಬೆಸುಗೆ ಇಲ್ಲ, ಮೇಲೆ ನೀರು ತಡೆಯುವ ಸ್ಲೀವ್ ಇಲ್ಲ. ಬರೀ ಹೊಸೆದು ಟೇಪು ಸುತ್ತಿತ್ತು. ಒಳಗೆ ನೀರಿಳಿದು ತಾಮ್ರ ಹಸಿರುಗಟ್ಟಿ ಪುಡಿಪುಡಿಯಾಗಿ ಉದುರಿತು. ಇದು ಯಾರ ಕೆಲಸ ಎಂದು ಅವರು ಕೇಳಿದರು. "ಅಬ್ಬಾನ ಕೆಲಸರೀ. ಅವರಿಗೆ ಈಗ ಕಣ್ಣು ಕಾಣಂಗಿಲ್ಲ" ಎಂದೆ. ನೀವು ಅಲ್ಲೇ ಸ್ಟೂಲಿನ ಮೇಲೆ ಕುಳಿತಿದ್ದಿರಿ. ಕೈಯಲ್ಲಿದ್ದ ವೈರು ಕತ್ತರಿಸುವ ಪಕ್ಕಡ ಕೆಳಗಿಟ್ಟು, "ತಪ್ಪು ನಂದ. ಬಯ್ಯೂದಿದ್ರ ನನಗ ಬಯ್ರಿ" ಎಂದಿರಿ. ಮಾರನೆಯ ದಿನವೇ ಅಕ್ಕನ ಊರಿನ ಬಸ್ಸು ಹತ್ತಿದಿರಿ.

ನಿನ್ನೆ ನೀಲಪ್ಪ ಬಂದು ಬಹಳ ಹೊತ್ತು ಅಂಗಡಿಯ ಬಾಗಿಲಲ್ಲೇ ನಿಂತಿದ್ದರು. ನೀವು ಟೇಪು ಸುತ್ತಿದ ದಿನ ಕರೆಂಟ್ ಇರಲಿಲ್ಲವಂತೆ, ಬೆಸುಗೆ ಹಾಕಲು ಆಗಲಿಲ್ಲವಂತೆ. ಇದು ಊರು ಮುಟ್ಟುವವರೆಗೆ ಮಾತ್ರ, ಮಳೆ ಹಿಡಿಯುವ ಮೊದಲು ಬಂದು ಗಟ್ಟಿ ಮಾಡಿಸಿಕೊಳ್ಳಿ ಎಂದು ಹೇಳಿ ಕಳಿಸಿದ್ದಿರಂತೆ. ಆಮೇಲೆ ಫೋನೂ ಮಾಡಿದ್ದಿರಂತೆ. ಬಾಡಿಗೆ ಬಿಟ್ಟು ಬರಲು ಅವರಿಗೇ ಮನಸ್ಸಾಗಿರಲಿಲ್ಲ. "ಅವತ್ತ ಖರೇ ಹೇಳಿದ್ರ ಆ ಹುಡುಗರು ನನ್ನ ಅಲ್ಲೇ ಬಡೀತಿದ್ರು. ಸಾಬರು ಎಲ್ಲಾ ತಮ್ಮ ಮ್ಯಾಲೆ ಹಾಕ್ಕೊಂಡ್ರು" ಎಂದು ಅತ್ತರು. ಈಗ ಮೆಹಬೂಬನ ಮನೆಗೂ ಹೋಗಿ ಇದನ್ನೆಲ್ಲ ಒಪ್ಪಿಕೊಂಡು ಬಂದಿದ್ದಾರೆ.

ಕರೆಂಟ್ ಇದ್ದೂ ನೀವು ಬರೀ ಟೇಪು ಸುತ್ತಿ ಗಾಡಿ ಬಿಟ್ಟಿದ್ದನ್ನು ನಾನು ಒಮ್ಮೆಯೂ ಕಂಡವನಲ್ಲ. ಏನೋ ಕಾರಣವಿರಬೇಕೆಂದು ನನಗೆ ಹೊಳೆಯಬೇಕಿತ್ತು. ಒಂದು ಮಾತು ಕೇಳಬೇಕಿತ್ತು. ಆ ವೈರನ್ನು ಈಗ ಹೊಸದಾಗಿ ಬೆಸೆದಿದ್ದೇನೆ. ಸ್ಲೀವ್ ಕಾಯಿಸಿ ಬಿಗಿಸಿ, ಚಕ್ರದ ನೀರು ಸಿಡಿಯದ ಹಾಗೆ ಮೇಲಕ್ಕೆ ಎತ್ತಿ ಕಟ್ಟಿದ್ದೇನೆ. ಮನೆಯಲ್ಲಿ ಯಾರೂ ನನ್ನನ್ನು ಬಯ್ಯುವುದಿಲ್ಲ. ಅಮ್ಮಾ ತಟ್ಟೆ ಮುಂದಿಟ್ಟು ಒಳಗೆ ಹೋಗುತ್ತಾರೆ.

ಅಲ್ಲಾಹ ನಿಮ್ಮ ಕಣ್ಣಿಗೆ ಬೆಳಕು ಕೊಡಲಿ. ಅಕ್ಕನಿಗೂ ಭಾವನಿಗೂ ಸಲಾಂ, ಮಕ್ಕಳಿಗೆ ನನ್ನ ಪ್ರೀತಿ.

ನಿಮ್ಮ ಮಗ,
ಮುಬಶೀರ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದೊಂದು ಬರೆದುಬಿಡುತ್ತೇನೆ. ಅವತ್ತಿನ ಮಾತು ಗಾಬರಿಯಲ್ಲಿ ಬಾಯಿ ತಪ್ಪಿ ಬಂದಿದ್ದಲ್ಲ. ಬಂದ ಗಿರಾಕಿಗಳೆಲ್ಲ ನನ್ನನ್ನು ದಾಟಿ, ಸಾಬರು ಎಲ್ಲಿ ಎಂದು ಕೇಳುವುದು ನನ್ನನ್ನು ಚುಚ್ಚುತ್ತಿತ್ತು. ನಿಮ್ಮ ಕೆಲಸ ಕೆಟ್ಟಿದೆ ಎಂದು ಕಂಡಾಗ, ಅಬ್ಬಾ, ಒಂದು ಗಳಿಗೆ ನನಗೆ ಖುಷಿಯಾಯಿತು. ಇದು ಅಮ್ಮನಿಗೂ ಗೊತ್ತಿಲ್ಲ. ಮುಂದಿನ ಶುಕ್ರವಾರ ನಮಾಜು ಮುಗಿಸಿ ಬಸ್ಸಿಗೆ ಬರುತ್ತೇನೆ. ನನ್ನ ಜೊತೆ ಹೊರಡದಿದ್ದರೂ ಸರಿ, ಬಾಗಿಲು ಮಾತ್ರ ನೀವೇ ತೆಗೆಯಿರಿ.