ಮೂರಡಿ ಮಣ್ಣುಗೋಡೆ

ಗಾಣದ ಬೀದಿ, ತಿಪಟೂರು
ಬುಧವಾರ, ೧೨ ಮಾರ್ಚ್ ೨೦೨೫
ಮಧ್ಯಾಹ್ನ ಎರಡು ಗಂಟೆ

ಸ್ವಸ್ತಿಶ್ರೀ ಗಾಣದಬೀದಿ ಪುರವರಾಧೀಶ್ವರಿ, ಚೌಕಾಬಾರದ ಆಟದಲ್ಲಿ ಕಾಯಿ ಕದಿಯುವ ಕಲಾನಿಪುಣೆ, ಅಟ್ಟದ ಕೊಬ್ಬರಿ ಭಕ್ಷಣ ಧುರಂಧರೆ, ಹುಳಿಯಾರು ಪ್ರೌಢಶಾಲೆಯ ಗಣಿತ ಭಯಂಕರಿ ಯೋಗಿತಾದೇವಿಯವರ ದಿವ್ಯ ಪಾದಾರವಿಂದಗಳಿಗೆ, ಪಕ್ಕದ ಮನೆಯ ಲಿಖಿತಾ ಎಂಬ ಅಲ್ಪಮತಿಯು ಹಣೆಯನ್ನು ಜಂಟಿ ಗೋಡೆಗೆ ತಾಗಿಸಿ ಮಾಡುವ ವಿಜ್ಞಾಪನೆ.

ಯೋಗಿ, ಚೆನ್ನಾಗಿದ್ದೀಯಾ? ಶನಿವಾರದಿಂದ ನೀನು ಕಳಿಸಿದ ನಾಲ್ಕು ಮೆಸೇಜನ್ನೂ ಓದಿದ್ದೇನೆ. ಎರಡು ಸಲ ನಿನ್ನ ಫೋನು ಬಂದಾಗ ಕೈಯಲ್ಲೇ ಹಿಡಿದುಕೊಂಡು ಅದು ನಿಲ್ಲುವವರೆಗೆ ನೋಡುತ್ತಾ ಕೂತಿದ್ದೆ. ತಪ್ಪಾಯಿತು. ಎತ್ತಿದರೆ ನೀನು "ಏನೇ" ಅನ್ನುತ್ತೀಯ, ನಾನು ನಗುತ್ತೇನೆ, ನಗು ಶುರುವಾದ ಮೇಲೆ ನನ್ನ ಬಾಯಿಂದ ನಿಜ ಬರುವುದಿಲ್ಲವೆಂದು ನಿನಗೆ ಗೊತ್ತು. ಅದಕ್ಕೇ ಈ ಕಾಗದ. ಮೂರೂವರೆಯ ಬಸ್ಸಿನ ಕಂಡಕ್ಟರ್ ರಂಗನಾಥ್ ಕೈಗೆ ಕೊಡುತ್ತೇನೆ, ಜೊತೆಗೆ ನಿಮ್ಮಮ್ಮ ಮಾಡಿದ ಕೊಬ್ಬರಿ ಮಿಠಾಯಿಯ ಡಬ್ಬಿ. ಮಿಠಾಯಿ ಕಡಿಮೆ ಕಂಡರೆ ರಂಗನಾಥನನ್ನು ಅನುಮಾನಿಸು. ಅವಸರದಲ್ಲಿ ಬರೆಯುತ್ತಿದ್ದೇನೆ, ಮೂರರೊಳಗೆ ಮುಗಿಸಬೇಕು.

ನಿನ್ನ ಪ್ರಶ್ನೆ ಒಂದೇ. "ಅಮ್ಮ ಫೋನಲ್ಲಿ ನಗ್ತಾಳೆ ಕಣೇ. ಅಪ್ಪ ಹೋದ್ಮೇಲೆ ಈ ಎರಡು ವರ್ಷದಲ್ಲಿ ಹಿಂಗೆ ನಕ್ಕಿರ್ಲಿಲ್ಲ. ಏನ್ಮಾಡ್ದೆ ನೀನು?" ಏನು ಮಾಡಿದೆ ಎಂಬುದನ್ನು ಕ್ರಮವಾಗಿ ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮ ಹಳೆಯ ಮನೆಯನ್ನು ಕೆಡವಿ ಹೊಸದು ಕಟ್ಟುವುದು, ಅದರ ಪ್ಲಾನು ನಾನೇ ಬರೆಯುವುದು ಅಂತ ಹೋದ ಯುಗಾದಿಯಿಂದ ಹೇಳುತ್ತಿದ್ದೆನಲ್ಲ. ನಾವೀಗ ಹಿಂದಿನ ಓಣಿಯ ಬಾಡಿಗೆ ಮನೆಗೆ ಬಂದಿದ್ದೇವೆ. ಹಳೆಯ ಮನೆಯ ಹೆಂಚು ಇಳಿಸಿಯಾಯಿತು, ಬಾಗಿಲು ಕಿತ್ತಾಯಿತು, ಈಗ ನಾಲ್ಕು ಗೋಡೆ ಮತ್ತು ಆಕಾಶ. ನಮ್ಮಪ್ಪ ಗಂಗರಾಜು ಅವರು ಅರಸೀಕೆರೆಯ ಷಡ್ಡಕನ ಮನೆಯ ಫೋಟೋವನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದರು. ಮೂರು ಅಂತಸ್ತು, ಮುಂದೆಲ್ಲ ನೀಲಿ ಗಾಜು, ಕೆಳಗೆ ಕಾರು. "ಹಿಂಗ್ ಬರ್ದು ಕೊಡು, ಸಾಕು. ಅದಕ್ಕೇ ತಾನೆ ಐದು ವರ್ಷ ಓದ್ಸಿದ್ದು?" ಎಂದರು.

ನಾನು ಅವರ ಮುಂದೆ ನಮ್ಮ ಬೀದಿಯನ್ನೇ ಬರೆದಿಟ್ಟೆ. ಹನ್ನೊಂದು ಮನೆ, ಹನ್ನೊಂದು ಜಗಲಿ, ಎಲ್ಲ ಒಂದೇ ಎತ್ತರ. ಕಡೇ ಮನೆ ಬೋರಕ್ಕನ ಜಗಲಿಯಿಂದ ನಿಮ್ಮ ಮನೆಯವರೆಗೆ ಕಾಲು ನೆಲಕ್ಕಿಡದೆ ಓಡುತ್ತಿದ್ದೆವಲ್ಲ, ಅದನ್ನು ಅಳತೆ ಸಮೇತ ತೋರಿಸಿದೆ. ಗಾಜಿನ ಮನೆ ಎದ್ದರೆ ನಡುವೆ ಹಲ್ಲು ಬಿದ್ದ ಬಾಯಿಗೆ ಸ್ಟೀಲ್ ಹಲ್ಲು ಕಟ್ಟಿಸಿದ ಹಾಗೆ ಕಾಣುತ್ತದೆ ಎಂದೆ. ಜಗಲಿ ಇರಲಿ, ಮುಂದಿನ ಸೂರು ಹೆಂಚಿನದೇ ಇರಲಿ, ಮಹಡಿ ಬೇಕಾದರೆ ಹತ್ತಡಿ ಹಿಂದಕ್ಕೆ ಏಳಲಿ, ಕಾರು ಓಣಿಯ ಕಡೆಯಿಂದ ಬರಲಿ. ಅಪ್ಪ ಮೂರು ದಿನ ಜೇಬಿನ ಫೋಟೋವನ್ನೇ ತೆಗೆತೆಗೆದು ನೋಡಿದರು. ನಾಲ್ಕನೇ ದಿನ, "ಜಗ್ಲಿ ಮ್ಯಾಲೆ ಗ್ರಾನೈಟಾದ್ರೂ ಹಾಕಿಸ್ತೀಯೋ ಇಲ್ವೋ?" ಎಂದರು. ನನ್ನ ಜೀವನದ ಮೊದಲ ವಿಜಯ.

ಆಮೇಲೆ ಎದುರಾದದ್ದು ಗೋಡೆ. ನಿಮ್ಮ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ, ಎರಡಡಿ ದಪ್ಪದ ಮಣ್ಣಿನದು. ನಿಮ್ಮ ಅಟ್ಟದ ಆರು ತೊಲೆಗಳ ತುದಿ ಕೂತಿರುವುದು ಅದರ ಮೇಲೆ. ಅಟ್ಟದಲ್ಲಿ ಒಣಗಿ ಗಿಟುಕು ಕೊಬ್ಬರಿಯಾಗಲೆಂದು ಜೂನ್‌ನಲ್ಲಿ ಹಾಕಿದ ನಾಲ್ಕು ಸಾವಿರ ತೆಂಗಿನಕಾಯಿ. ಹನುಮಂತರಾಯ ಮೇಸ್ತ್ರಿ ತಲೆ ಕೆರೆದುಕೊಂಡು, "ಅಟ್ಟ ಹಗುರ ಮಾಡುದ್ರೆ ಆ ಕಡೆಯಿಂದ ಜಾಕಿ ಕೊಟ್ಟು ತೊಲೆ ಹಿಡ್ಕಂತೀನಿ ಕಣವ್ವ, ಆಮ್ಯಾಲೆ ಹೊಸ ಗೋಡೆ. ಅವ್ರು ಬರ್ದು ಕೊಡ್ಬೇಕು" ಎಂದ.

ನಿಮ್ಮಮ್ಮ ಶ್ರೀಮತಿ ಕೆಂಪಕ್ಕನವರ ಸನ್ನಿಧಾನಕ್ಕೆ ಹೋದೆ. ಖಾಲಿ ಕೈಯಲ್ಲಲ್ಲ, ರಟ್ಟಿನಲ್ಲಿ ಇಡೀ ಬೀದಿಯ ಮಾದರಿ ಮಾಡಿಕೊಂಡು ಹೋದೆ. ಅವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

"ನಮ್ಮನೆ ಯಾವ್ದು?"

"ಇದು ಅತ್ತೆ."

"ಇಷ್ಟೇಯ? ನಾನೆಲ್ಲಿ ಕೂತಿದೀನಿ ಇದ್ರಾಗೆ?"

ನಾನು ಒಂದು ಅವರೆಕಾಳನ್ನು ಜಗಲಿಯ ಮೇಲೆ ಇಟ್ಟೆ. ನಗಲಿಲ್ಲ. "ಕಾಯಿ ಇನ್ನಾ ನೀರು ಬುಟ್ಟಿಲ್ಲ. ಅಲ್ಲಾಡ್ಸಿದ್ರೆ ಒಳಗೆ ಗಿಟುಕು ಗುಡುಗುಡು ಅನ್ಬೇಕು. ಅಲ್ಲೀಗಂಟ ಅಟ್ಟ ಮುಟ್ಟಂಗಿಲ್ಲ" ಎಂದರು. ಮಳೆಗಾಲ ಬಂದುಬಿಡುತ್ತದೆ ಅತ್ತೆ, ಸೂರಿಲ್ಲದ ಮಣ್ಣುಗೋಡೆ ನೆನೆದರೆ ನಿಮ್ಮ ಅಟ್ಟವೇ ಕೂರುತ್ತದೆ ಎಂದೆ. "ಹೆದ್ರುಸ್ತೀಯ? ನಲ್ಲೀಲಿ ಎಳನೀರು ಬತ್ತದೆ ಅಂತ ಚೀಟಿ ಅಂಟ್ಸಿದೋಳು ಅಲ್ವಾ ನೀನು?" ಎಂದರು. ಯೋಗಿ, ಹತ್ತನೇ ಕ್ಲಾಸಿನಲ್ಲಿ ಮಾಡಿದ ಪಾಪ. ಬೋರಕ್ಕ ಬಿಂದಿಗೆ ಇಟ್ಟುಕೊಂಡು ಕಾದಿದ್ದು ನಿನಗೂ ನೆನಪಿರಬೇಕು. ಈಗ ನಾನು ನಿಜ ಹೇಳಿದರೆ ಬೀದಿಯಲ್ಲಿ ಒಬ್ಬರೂ ನಂಬುವುದಿಲ್ಲ.

ಆದರೆ ಬಿರುಕು ನಿಜ. ಹೆಂಚು ಇಳಿಸಿದ ವಾರದಲ್ಲೇ ಮೂರನೇ ತೊಲೆಯ ಕೆಳಗೆ ಕೂದಲೆಳೆಯಷ್ಟು ಸೀಳು ಕಾಣಿಸಿತು. ಅದರ ಮೇಲೆ ಕಾಗದದ ಪಟ್ಟಿ ಅಂಟಿಸಿ ತಾರೀಖು ಬರೆದಿದ್ದೇನೆ. ಪಟ್ಟಿ ಹರಿದರೆ ಗೋಡೆ ಸರಿಯಿತು ಎಂದರ್ಥ. ದಿನಕ್ಕೆ ಏಳು ಸಲ ಹೋಗಿ ನೋಡುತ್ತೇನೆ. ಆ ಗೋಡೆಯ ಆಚೆ ನಿಮ್ಮಮ್ಮ ಕೂತು ಅಕ್ಕಿ ಆರಿಸುವ ಸದ್ದು ಕೇಳುತ್ತಿರುತ್ತದೆ. ನನಗೆ ಊಟ ಸೇರದೆ ಎಷ್ಟು ದಿನವಾಯಿತೋ. ಉಗುರು ಮುಗಿದು ಈಗ ಪೆನ್ಸಿಲ್ ಕಚ್ಚುತ್ತಿದ್ದೇನೆ.

ಹೀಗಿರುವಾಗ ಹೋದ ಗುರುವಾರ ಬೆಳಗ್ಗೆ ನಿಮ್ಮಮ್ಮ ತಾವಾಗಿಯೇ ನಮ್ಮ ಬಾಡಿಗೆ ಮನೆಯ ಬಾಗಿಲಿಗೆ ಬಂದರು. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದರು. "ಎಲ್ಲಿ ಸೈನ್ ಹಾಕ್ಬೇಕು, ತೋರ್ಸು" ಎಂದರು. ಕಾಯಿ ಇನ್ನೂ ಆರಿಲ್ಲವಲ್ಲ ಅತ್ತೆ ಎಂದೆ. "ಇಳಿಸ್ಕಳಿ ಬುಡು, ನಮ್ಮ ದನಿನ ಕೊಟ್ಟಿಗೇಲಿ ಆರ್ತವೆ." ಒಂದೇ ಷರತ್ತು. ನನ್ನನ್ನು ನಮ್ಮ ಹಳೆಯ ಅಡುಗೆಮನೆಗೆ ಕರೆದುಕೊಂಡು ಹೋಗಿ ಇದ್ದಿಲಿನಿಂದ ಗೋಡೆಯ ಮೇಲೆ ಎರಡು ಗೆರೆ ಎಳೆದರು. ಅಗಲ ಮೂರಡಿ, ಎತ್ತರ ಆಳೆತ್ತರ. "ಇಷ್ಟು ಮುಟ್ಬೇಡಿ. ಮಿಕ್ಕಿದ್ದು ನಿಮ್ಮಿಷ್ಟ."

ಆ ಜಾಗ ಯಾವುದೆಂದು ನಿನಗೆ ಹೇಳಬೇಕೆ? ನಿಮ್ಮಪ್ಪ, ಶಿವಮೂರ್ತಿ ಮಾಮ, ದಿನಾ ಮಧ್ಯಾಹ್ನ ನಮ್ಮಪ್ಪನ ಜೊತೆ ಚೌಕಾಬಾರ ಆಡಿ ಮುಗಿಸಿ, ಮೂರು ಗಂಟೆಗೆ ಎದ್ದೇಳುವ ಮುಂಚೆ ಬೆರಳ ಗೆಣ್ಣಿನಿಂದ ಮೂರು ಸಲ ಬಡಿಯುತ್ತಿದ್ದ ಜಾಗ. ಬರುತ್ತಿದ್ದೇನೆ, ಕಾಫಿ ಇಡು ಎಂದು. ಆಚೆ ನಿಮ್ಮ ಅಡುಗೆಮನೆಯಿಂದ ನಿಮ್ಮಮ್ಮ ಸೌಟಿನಲ್ಲಿ ಒಂದು ಸಲ ಬಡಿದು ಉತ್ತರ ಕೊಡುತ್ತಿದ್ದರು.

ಅಪ್ಪ ಕೂಗಾಡಿದರು. "ಅರವತ್ತು ಲಕ್ಷದ ಮನೆ ಒಳ್ಗೆ ಮಣ್ಣಿನ್ ಗುಡ್ಡೆ ಇಟ್ಕಂಡು ಕೂತ್ಕಳನ?" ನಾನು ಎರಡು ರಾತ್ರಿ ಕೂತು ಇಡೀ ಪ್ಲಾನನ್ನು ಬದಲಿಸಿದೆ. ಆ ಮೂರಡಿಯ ಎರಡು ಪಕ್ಕಕ್ಕೂ ಪಿಲ್ಲರ್, ಮೇಲೊಂದು ತೊಲೆ, ಮಣ್ಣಿನ ಮೇಲೆ ಭಾರ ಬೀಳದ ಹಾಗೆ. ಹೊಸ ಅಡುಗೆಮನೆ ಅದರ ಸುತ್ತ ಕೂರುತ್ತದೆ. ಮೇಸ್ತ್ರಿ ನೋಡಿ, "ನಿಲ್ತದೆ. ನಿಲ್ದಿದ್ರೆ ನನ್ನ ಹೆಸ್ರು ಹೇಳ್ಬೇಡ" ಎಂದ. ಇದನ್ನು ಧೈರ್ಯವೆಂದು ತಿಳಿಯಬೇಕೋ ಏನೋ. ಸೋಮವಾರ ಮಿಕ್ಕ ಗೋಡೆ ಬೀಳುತ್ತದೆ. ಅದಕ್ಕೂ ಮುಂಚೆ ಶನಿವಾರ ಕಾಯಿ ಇಳಿಸುತ್ತಾರೆ.

ಬೀದಿಯವರಿಗೆಲ್ಲ ನಾನು ಹೇಳಿಕೊಂಡು ತಿರುಗುತ್ತಿರುವುದು ಇದನ್ನೇ: ನನ್ನ ರಟ್ಟಿನ ಮಾದರಿ ಕೆಂಪಕ್ಕನ ಮನಸ್ಸನ್ನು ಗೆದ್ದಿತು, ಹೊಸ ಮನೆ ಎಂದರೆ ಹಳೆಯ ಬೀದಿಯ ಮಾತು ಕೇಳಿಸಿಕೊಂಡು ಕಟ್ಟಬೇಕು, ಇತ್ಯಾದಿ. ನಗರಸಭೆ ಕಛೇರಿಯ ಇಂಜಿನಿಯರ್ ಸಾಹೇಬರು ಕೂಡ ಬೆನ್ನು ತಟ್ಟಿದರು. ನಿಮ್ಮಮ್ಮ ಚೆನ್ನಾಗಿದ್ದಾರೆ. ಮಧ್ಯಾಹ್ನ ಎರಡು ಲೋಟ ಕಾಫಿ ಮಾಡುತ್ತಾರೆ, ಒಂದು ತಾವು ಕುಡಿದು ಇನ್ನೊಂದನ್ನು ಜಗಲಿಯಲ್ಲಿ ಯಾರು ಹೋದರೂ ಕರೆದು ಕೊಡುತ್ತಾರೆ. ನಗುತ್ತಾರೆ. ನೀನು ಕೇಳಿದ್ದು ಸರಿ.

ನಿನಗೆ ಪರೀಕ್ಷೆಯ ಡ್ಯೂಟಿ ಎಂದು ಗೊತ್ತು. ಆದರೂ ಭಾನುವಾರ ಒಂದು ದಿನ ಬಂದು ಹೋಗು. ನಿನ್ನ ಗಣಿತದ ಮಕ್ಕಳೆಲ್ಲ ಪಾಸಾಗಲಿ, ನಿನ್ನ ಗಂಡನಿಗೆ ಚೌಕಾಬಾರದಲ್ಲಿ ನಿನ್ನ ಕಳ್ಳತನ ಕಾಣಿಸದಿರಲಿ, ನೀನು ನೂರು ವರ್ಷ ಹಲ್ಲಿನಲ್ಲೇ ಗಿಟುಕು ಕಡಿಯುವಂತಾಗಲಿ ಎಂದು ಹರಸುವ,

ಗಾಣದ ಬೀದಿಯ ಆಸ್ಥಾನ ಶಿಲ್ಪಿ,
ಲಿಖಿತಾ

ತಾ.ಕ.: ಮಾದರಿ ಅವರ ಮನಸ್ಸನ್ನು ಗೆಲ್ಲಲಿಲ್ಲ ಯೋಗಿ. ಅವರು ಸಹಿ ಹಾಕಲು ಬಂದ ಹಿಂದಿನ ದಿನ, ಹೋದ ಬುಧವಾರ, ನಾನು ಒಬ್ಬಳೇ ನಮ್ಮ ಹಳೆಯ ಅಡುಗೆಮನೆಯಲ್ಲಿ ಗೋಡೆಯನ್ನು ಗೆಣ್ಣಿನಿಂದ ಬಡಿದು ಎಲ್ಲಿ ಟೊಳ್ಳಿದೆ ಎಂದು ಕೇಳಿಸಿಕೊಳ್ಳುತ್ತಿದ್ದೆ, ಮೇಸ್ತ್ರಿ ಕಲಿಸಿದ ಹಾಗೆ. ಮೂರು ಗಂಟೆಯಾಗಿತ್ತು. ಆ ಜಾಗಕ್ಕೆ ಬಂದಾಗ ಕೈ ಸುಮ್ಮನಿರಲಿಲ್ಲ. ಥೇಟ್ ನಿಮ್ಮಪ್ಪನ ಹಾಗೆ ಮೂರು ಸಲ ಬಡಿದೆ. ತಮಾಷೆಗೆ. ಈಗ ಅತ್ತೆ ಬಂದು ನನ್ನ ಜಡೆ ಹಿಡಿದು ಬೈಯುತ್ತಾರೆ ಎಂದುಕೊಂಡು ನಗು ತಡೆದು ನಿಂತಿದ್ದೆ. ಆಚೆ ಅಕ್ಕಿ ಆರಿಸುವ ಸದ್ದು ನಿಂತಿತು. ಆಮೇಲೆ ಸೌಟಿನ ಸದ್ದು ಬಂತು, ಒಂದೇ ಸಲ. ನಾನು ಟೇಪು ಅಲ್ಲೇ ಬಿಸಾಕಿ ಓಡಿದೆ. ಮರುದಿನ ಅವರು ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬಂದಿದ್ದರು.

ಹೇಳಬೇಕು ಎಂದು ದಿನಾ ಹೋದೆ. ದಿನಾ ಬಡಿದು ಬಂದೆ. ಮೊನ್ನೆ ಭಾನುವಾರ ಬಿಳಿಗೆರೆಯಲ್ಲಿ ನಾಮಕರಣ, ಹೋಗಲಾಗಲಿಲ್ಲ. ಸಂಜೆ ಬಂದಾಗ ನಿಮ್ಮಮ್ಮ ಜಗಲಿಯಲ್ಲಿದ್ದರು, ಪಕ್ಕದಲ್ಲಿ ಕೆನೆಗಟ್ಟಿದ ಕಾಫಿ ಲೋಟ. "ಇವತ್ತು ಎಲ್ಲೋಗಿದ್ದೆ?" ಎಂದರು. ನನ್ನನ್ನೇ ನೋಡುತ್ತಿದ್ದರು. ಗೊತ್ತಿದ್ದು ಕೇಳಿದರೋ, ಸುಮ್ಮನೆ ಕೇಳಿದರೋ, ನನಗೆ ತಿಳಿಯಲಿಲ್ಲ. ನೀನು ಅವರ ಮಗಳು, ನೀನು ಬಂದು ಮುಖ ನೋಡಿದರೆ ತಿಳಿದೀತು. ಅವರು ಸಹಿ ಮಾಡಿದ ಒಪ್ಪಿಗೆ ಪತ್ರ ಇನ್ನೂ ನನ್ನ ಬ್ಯಾಗಿನಲ್ಲೇ ಇದೆ. ನೀನು ಹರಿ ಎಂದರೆ ಹರಿಯುತ್ತೇನೆ.

ಇನ್ನೊಂದು. ಬಸ್ಸು ಮೂರೂವರೆಗೆ, ಸ್ಟ್ಯಾಂಡು ಐದು ನಿಮಿಷದ ದಾರಿ. ಮೂರರೊಳಗೆ ಮುಗಿಸಬೇಕು ಎಂದದ್ದು ಬಸ್ಸಿಗಾಗಿ ಅಲ್ಲ.