ಗಿಡ್ಡ ಮೆಟ್ಟಿಲು

ಶುಕ್ರವಾರ, ಸಂಜೆ

ಮೇಸ್ತ್ರಿಗಳಿಗೆ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಬೆಳಕಿಗೆ ಹಿಡಿದರೆ ಕಾಣುತ್ತದೆ. ಆಫೀಸಿನ ಕೆಲಸಕ್ಕೇ ಬರೆಯುತ್ತಿದ್ದೇನೆ, ಗಾಬರಿಯಾಗಬೇಡ.

ನಮ್ಮ ಆಟವನ್ನು ಕಂಪನಿ ಅರ್ಧಕ್ಕೇ ನಿಲ್ಲಿಸಿತು. ನಾವು ಗಂಡಹೆಂಡತಿ ಒಂದೇ ಮೇಜಿಗೆ ಕೂತು ಕಂಪ್ಯೂಟರಿನೊಳಗೆ ಕಟ್ಟಿದ ಆ ಮಾಯಾನಗರಿಯಲ್ಲಿ ಇನ್ನು ಯಾರೂ ಆಡುವುದಿಲ್ಲ. ಗೋಡೆ, ಕಮಾನು, ಕಿಟಕಿ ಎಲ್ಲವನ್ನೂ ಬಿಡಿಬಿಡಿಯಾಗಿ ಬೇರೆ ಆಟ ಮಾಡುವವರಿಗೆ ಮಾರುತ್ತಾರಂತೆ. ಬಿಚ್ಚುವ ಕೆಲಸ ನನ್ನ ತಲೆಗೆ ಬಂದಿದೆ. ಕಟ್ಟಿದವಳೇ ಕೆಡವಲಿ ಬಿಡಿ ಎಂದು ದೊಡ್ಡ ಸಾಹೇಬರು ನಕ್ಕರು. ನನಗೆ ನಗು ಬರಲಿಲ್ಲ. ನಿನ್ನ ಮೆಟ್ಟಿಲು ಮಾರಲು ನಿನ್ನ ಒಪ್ಪಿಗೆ ಬೇಕು, ಅದಕ್ಕೇ ಈ ಕಾಗದ.

ಯಾವ ಮೆಟ್ಟಿಲೆಂದು ನೆನಪಿದೆಯಲ್ಲ? ಎಲ್ಲ ತುಂಡೂ ಒಂದೇ ಚೌಕದ ಅಳತೆಗೆ ಕೂರಬೇಕಿತ್ತು; ಯಾವ ಗೋಡೆಯ ಪಕ್ಕ ಏನು ತಂದಿಟ್ಟರೂ ಸಂದಿಲ್ಲದೆ ಸೇರಬೇಕಿತ್ತು. ನಿನ್ನದೊಂದೇ ಹಟಮಾರಿ. ಒಂದೊಂದು ಮೆಟ್ಟಿಲೂ ಗಿಡ್ಡ, ಹಾಗಾಗಿ ಸಾಲು ಉದ್ದವಾಗಿ ಬೀದಿಗೆ ಮೂತಿ ಚಾಚುತ್ತಿತ್ತು. ಅಳತೆನೇ ಬರದವನಿಗೆ ಮೇಸ್ತ್ರಿ ಅಂತ ಯಾರು ಹೆಸರಿಟ್ಟರಪ್ಪಾ ಎಂದು ನಾನು ಎಲ್ಲರೆದುರೇ ಕೇಳಿದೆ. ನಾನು ನನ್ನ ಲೆಕ್ಕದ ಮೆಟ್ಟಿಲನ್ನೇ ಊರಿಗೆಲ್ಲ ಇಟ್ಟೆ.

ಇವತ್ತು ಬಿಚ್ಚುತ್ತಾ ಬಿಚ್ಚುತ್ತಾ ಹಿಂದಿನ ಓಣಿಗೆ ಹೋದರೆ, ನಿನ್ನ ಗಿಡ್ಡ ಮೆಟ್ಟಿಲು ಅಲ್ಲಿ ಇನ್ನೂ ಇದೆ. ಹತ್ತಿದೆ. ನಮ್ಮ ನಗರದ ಮನೆಗಳೆಲ್ಲ ಬರೀ ಮುಖ, ಬಾಗಿಲ ಹಿಂದೆ ಏನೂ ಇರಬಾರದೆಂದು ನಾನೇ ಕಟ್ಟಪ್ಪಣೆ ಮಾಡಿದ್ದೆ. ಆಡೋರು ಒಳಗೇ ಹೋಗಲ್ಲ, ಒಳಗ್ಯಾಕೆ ಬೇಕು ಎಂದಿದ್ದೆ. ಈ ಬಾಗಿಲು ಮಾತ್ರ ತೆರೆಯಿತು. ಒಳಗೊಂದು ಕೋಣೆ. ದೊಡ್ಡ ಮಂಚದ ಪಕ್ಕ ಪುಟ್ಟ ಮಂಚ. ಗೋಡೆಯಲ್ಲಿ ತೀರಾ ಕೆಳಗೆ ಒಂದು ಗೂಟ, ಅದರಲ್ಲೊಂದು ಅಂಗೈಯಗಲದ ಟೋಪಿ.

ಆಗ ನನ್ನ ದಡ್ಡ ತಲೆಗೆ ಹೊಳೆಯಿತು. ನಿನ್ನ ಅಳತೆ ತಪ್ಪಿರಲಿಲ್ಲ. ಪುಟ್ಟ ಕಾಲು ಹತ್ತಲೆಂದೇ ಗಿಡ್ಡ ಮಾಡಿದ್ದೆ.

ನೀನು ಮಗುವಿನ ಮಾತೆತ್ತಿದಾಗೆಲ್ಲ ನಾನು, ಮೊದಲು ನಗರ ಮುಗೀಲಿ ಎನ್ನುತ್ತಿದ್ದೆ. ಆಮೇಲೆ ನೀನು ಕೇಳುವುದನ್ನೇ ಬಿಟ್ಟೆ. ಸದ್ಯ, ಕಾಟ ತಪ್ಪಿತು ಎಂದುಕೊಂಡೆ ನಾನು. ನೀನು ಆ ಕೋಣೆಯಲ್ಲಿ ಕೂತು ಗೂಟ ಬಡಿಯುತ್ತಿದ್ದೆ. ಒಂದು ದಿನ ನೀನು ಮನೆಯನ್ನೂ ಬಿಟ್ಟೆ, ಕೆಲಸವನ್ನೂ ಬಿಟ್ಟೆ. ಎರಡು ದೋಣಿಯ ಮೇಲೆ ಕಾಲಿಟ್ಟವರಾದರೂ ಎರಡರಲ್ಲೂ ಒಂದೊಂದು ಕಾಲು ಇಟ್ಟಿರುತ್ತಾರೆ. ನಾನು ಅಷ್ಟನ್ನೂ ಮಾಡಲಿಲ್ಲ, ಎರಡೂ ಕಾಲನ್ನು ನಗರದಲ್ಲೇ ಇಟ್ಟೆ. ನಗರವೂ ಮುಗಿಯಲಿಲ್ಲ, ಸಂಸಾರವೂ ಉಳಿಯಲಿಲ್ಲ.

ಸೋಮವಾರದೊಳಗೆ ಆ ಕೋಣೆಯನ್ನು ಅಳಿಸಬೇಕು. ಚೌಕಕ್ಕೆ ಕೂರದ್ದನ್ನು ಯಾರೂ ಕೊಳ್ಳುವುದಿಲ್ಲ. ಬೆರಳೆತ್ತಿ ಕೂತೆ, ಒತ್ತಲಾಗಲಿಲ್ಲ. ಮೆಟ್ಟಿಲ ಸಮೇತ ಮನೆಯ ಕಂಪ್ಯೂಟರಿಗೆ ಕೊಂಡೊಯ್ಯುತ್ತೇನೆ. ಒಪ್ಪಿಗೆಯ ವಿಷಯ ಮರೆಯದೆ ತಿಳಿಸು.

ಇಂತಿ,
ಗೋಡೆಗಳನ್ನಷ್ಟೇ ಕಟ್ಟಿದವಳು

ಮರೆತಿದ್ದೆ: ನಿನ್ನ ಒಪ್ಪಿಗೆ ಯಾರೂ ಕೇಳಿಲ್ಲ. ನಾವು ಮಾಡಿದ್ದೆಲ್ಲ ಯಾವತ್ತೋ ಕಂಪನಿಯದಾಗಿದೆ. ಬರೆಯಲು ನನಗೊಂದು ನೆಪ ಬೇಕಿತ್ತು. ಆ ಪುಟ್ಟ ಮಂಚಕ್ಕೆ ಹೊದಿಕೆಯೇ ಇರಲಿಲ್ಲ. ಮಧ್ಯಾಹ್ನ ಊಟ ಬಿಟ್ಟು ಒಂದು ಮಾಡಿ ಹೊದಿಸಿದ್ದೇನೆ. ಅಳತೆ ಸರಿಯಿದೆಯೋ ಇಲ್ಲವೋ, ನೀನೇ ಬಂದು ನೋಡಬೇಕು.