ಕುರ್ಚಿ ಕೊಡುವ ಉಪಾಯ

ಅಲ್ ಸದ್ದ್, ದೋಹಾ
14 ನವೆಂಬರ್ 2024

ಪ್ರೀತಿಯ ದೇಜಪ್ಪ ಮಾವಾ,

ಮೊಣಕಾಲಿನ ನೋವು ಹೇಗಿದೆ? ನೀವು ಮತ್ತೆ ಬೀಡಿ ಯೂನಿಯನ್ ಆಫೀಸಿನ ಮೆಟ್ಟಿಲು ಹತ್ತಲು ಶುರು ಮಾಡಿದ್ದೀರೆಂದು ಅಮ್ಮ ಫೋನಿನಲ್ಲಿ ದೂರುತ್ತಿದ್ದಳು. ನೀವು ಯಾವತ್ತು ಯಾರ ಮಾತು ಕೇಳಿದವರು ಹೇಳಿ. ಇಲ್ಲಿ ಹೆಂಡತಿ ತೃಷಾ, ಮಗಳು ಮೋಕ್ಷಾ ಆರಾಮವಾಗಿದ್ದಾರೆ. ಈಗ ಬರೆಯುತ್ತಿರುವುದು ಫೋನಿನಲ್ಲಿ ಹೇಳುವ ವಿಷಯವಲ್ಲ. ಈ ಪತ್ರವನ್ನು ಊರಿಗೆ ಹೊರಟಿರುವ ಗೆಳೆಯ ಲ್ಯಾನ್ಸ್‌ಲಾಟ್ ಕೈಯಲ್ಲಿ ಕಳುಹಿಸುತ್ತಿದ್ದೇನೆ. ಓದಿ ಒಲೆಗೆ ಹಾಕಿ.

ನಾನು ನೋಡಿಕೊಳ್ಳುವ ಕ್ಯಾಂಪಿನಲ್ಲಿ ಕೆಲಸಗಾರರು ಮೆಸ್ಸಿನ ಊಟ ಮುಟ್ಟುತ್ತಿಲ್ಲ. ಹಳಸಿದ ಅನ್ನ ಬಡಿಸಿದರೆ ಇನ್ನೇನು ಮಾಡಿಯಾರು? ಮುಂದೆ ನಿಂತವನು ಉಪ್ಪಿನಂಗಡಿಯ ರಿಯಾಝ್, ಕ್ರೇನ್ ಓಡಿಸುವವನು. ಇದನ್ನು ನಿಲ್ಲಿಸಲು ಕಂಪನಿ ಒಬ್ಬ ಮುದಿ ಇಂಗ್ಲಿಷ್ ಸಲಹೆಗಾರನನ್ನು ಕರೆಸಿದೆ. ಅವನ ಅಪ್ಪ ಬ್ರಿಟಿಷರ ಕಾಲದ ಯೆಮನ್ನಿನ ಏಡನ್‌ನಲ್ಲಿ ಅಧಿಕಾರಿ. ಬಂದರಿನ ಕಮ್ಯುನಿಸ್ಟರನ್ನು ಹದ್ದುಬಸ್ತಿನಲ್ಲಿಡುವುದೇ ಆ ಅಪ್ಪನ ಕೆಲಸವಾಗಿತ್ತಂತೆ. ಮೀಟಿಂಗಿನಲ್ಲಿ ಈ ಸಲಹೆಗಾರ ಚಹಾ ಹೀರುತ್ತಾ ಹೇಳಿದ: ಜೈಲಿಗೆ ಹಾಕಿದರೆ ಲೀಡರ್ ಇನ್ನೂ ದೊಡ್ಡವನಾಗುತ್ತಾನೆ, ಒಂದು ಕುರ್ಚಿ, ಹೆಂಡತಿ ಮಕ್ಕಳಿಗೊಂದು ಮನೆ ಕೊಡಿ, ಕೆಂಬಾವುಟವನ್ನು ಅವನೇ ಮಡಚಿಡುತ್ತಾನೆ.

ಎಲ್ಲರೂ ನಕ್ಕರು. ನಾನು ಚಹಾದ ಲೋಟ ಕೆಳಗಿಟ್ಟೆ. ಹೋದ ವರ್ಷ ಇದೇ ಕ್ಯಾಂಪಿನ ಕುಡಿಯುವ ನೀರಿಗಾಗಿ ಜನ ಕಟ್ಟಿಕೊಂಡು ಮ್ಯಾನೇಜರ್ ಬಳಿ ಹೋದವನು ನಾನೇ ಅಲ್ಲವೇ? ಮರುತಿಂಗಳೇ ಪ್ರಮೋಷನ್, ಈ ಫ್ಲಾಟ್, ಫ್ಯಾಮಿಲಿ ವೀಸಾ. ನನ್ನ ಯೋಗ್ಯತೆಗೆ ಸಿಕ್ಕಿತೆಂದು ನಿಮ್ಮೆದುರು ಎಷ್ಟು ಕೊಚ್ಚಿಕೊಂಡಿದ್ದೆ. ನೀವು ಮಾತ್ರ, "ನೀರು ಬಂತಾ?" ಎಂದು ಕೇಳಿದಿರಿ. ಬಂದಿರಲಿಲ್ಲ. ನಾನು ಮಾತು ಮರೆಸಿದೆ.

ಈಗ ರಿಯಾಝ್‌ಗೆ ಸೂಪರ್‌ವೈಸರ್ ಕೆಲಸವಂತೆ. ಬೇಡವೆಂದರೆ ಖಲಾಸ್, ಊರಿಗೆ ಟಿಕೆಟ್. ಅವನನ್ನು ಒಪ್ಪಿಸಬೇಕಾದವನು ನಾನು. ಒಪ್ಪಿಸದಿದ್ದರೆ ನನ್ನ ಫ್ಲಾಟ್ ಬೇರೆಯವರಿಗೆ ಬೇಕಾಗಬಹುದೆಂದು ಮ್ಯಾನೇಜರ್ ಬಲು ನಯವಾಗಿ ಹೇಳಿದ. ಮೋಕ್ಷಾ ಈಗಷ್ಟೇ ಶಾಲೆಗೆ ಹೊಂದಿಕೊಂಡಿದ್ದಾಳೆ. ವಿಷಯ ತಿಳಿಸಿದಾಗ ರಿಯಾಝ್ ನನ್ನ ಮುಖವನ್ನೇ ನೋಡಿ, "ಯಜ್ಞೇಶಣ್ಣ, ನನಗೆ ಇದೆಲ್ಲ ಗೊತ್ತಾಗುದಿಲ್ಲ. ನೀವು ತಗೊ ಅಂದ್ರೆ ತಗೊಳ್ತೇನೆ," ಎಂದ. ಸಂಜೆಯೊಳಗೆ ಅವನಿಗೆ ಉತ್ತರ ಹೇಳಬೇಕು. ನನಗೆ ಹೆದರಿಕೆಯಾಗುತ್ತಿದೆ ಮಾವ. ನೀವು ಹತ್ತಿರವಿದ್ದಿದ್ದರೆ ಒಂದು ಮಾತು ಕೇಳುತ್ತಿದ್ದೆ.

ಅತ್ತೆಗೆ ನಮ್ಮೆಲ್ಲರ ನಮಸ್ಕಾರ ತಿಳಿಸಿ. ಕಾಲು ಜೋಪಾನ.

ನಿಮ್ಮ ಅಳಿಯ,
ಯಜ್ಞೇಶ್

ತಾ.ಕ. (ಮರುದಿನ): ಲ್ಯಾನ್ಸ್‌ಲಾಟ್ ಕೆಳಗೆ ಟ್ಯಾಕ್ಸಿಯಲ್ಲಿ ಕಾಯುತ್ತಿದ್ದಾನೆ. ನಿನ್ನೆ ಸಂಜೆ ರಿಯಾಝ್‌ಗೆ ತಗೊ ಎಂದೆ. ನೀವು ಫೋನ್ ಮಾಡಬೇಡಿ, ಎತ್ತುವ ಮುಖ ನನಗಿಲ್ಲ. ಇವತ್ತು ಎಲ್ಲರೂ ಊಟಕ್ಕೆ ಕೂತರು. ಅನ್ನ ಮಾತ್ರ ಅದೇ ಹಳಸಿದ್ದು.